ತವಡಿಗೆ ಕೊಂಡ ಮಗಳ ಉಸಿರು

ಕೆಂಚವ್ವನಿಗೆ ಹೆತ್ತ ಮಕ್ಕಳಿರಲಿಲ್ಲ, ಕೊಂಡ ಮಗಳೊಬ್ಬಳಿದ್ದಳು. ಬೈಲಹೊಂಗಲದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಅರಳೆ ಜಿನ್ನಿನ ಹಿಂದಿನ ಓಣಿಯಲ್ಲಿ ಇದು ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಒಂದು ಮನೆಯಲ್ಲಿ ಕೂಸು ಸತ್ತು, ಅದರ ಬೆನ್ನಿಗೆ ಇನ್ನೊಂದು ಹುಟ್ಟಿದರೆ, ಹುಟ್ಟಿದ್ದನ್ನು ಮೊರದಲ್ಲಿ ಮಲಗಿಸಿ ಪಕ್ಕದ ಮನೆಯ ಹೆಂಗಸಿಗೆ ಮಾರುತ್ತಿದ್ದರು. ಬೆಲೆ ಒಂದು ಬೊಗಸೆ ತವಡು. ಅಂದಿನಿಂದ ಕೂಸು ಕೊಂಡವಳದು. ಅದು ಎರಡೂ ಮನೆಗಳಲ್ಲಿ ಆಡಿಕೊಂಡು ಬೆಳೆದರೂ 'ಅವ್ವಾ' ಎಂದು ಕೂಗಬೇಕಾದದ್ದು ಕೊಂಡವಳನ್ನು; ಹೆತ್ತವಳು ಬರೀ 'ಅಕ್ಕ'. ಸಾವು ಮತ್ತೊಮ್ಮೆ ಹುಡುಕಿಕೊಂಡು ಬಂದರೆ, ಈ ಮನೆಯಲ್ಲಿ ಮಕ್ಕಳೇ ಇಲ್ಲವೆಂದು ತಿಳಿದು ಹಾಗೇ ಮುಂದೆ ಹೋಗಲಿ ಎಂಬುದು ಅದರ ಹಿಂದಿನ ಉಪಾಯ. ಮದುವೆಯ ಹೊತ್ತಿಗೆ ಹೆತ್ತವರು ಒಂದು ಸೀರೆ ಕೊಟ್ಟು ಮಗಳನ್ನು ಬಿಡಿಸಿಕೊಳ್ಳುವುದು ವಾಡಿಕೆ.

ಕೆಂಚವ್ವ ಸಂಗೊಳ್ಳಿಯಿಂದ ಮದುವೆಯಾಗಿ ಈ ಓಣಿಗೆ ಬಂದವಳು. ಗಂಡ ಜಿನ್ನಿನಲ್ಲಿ ಯಂತ್ರದ ಪಟ್ಟಿಗಳನ್ನು ನೋಡಿಕೊಳ್ಳುತ್ತಿದ್ದ. ಅವನು ತೀರಿಕೊಂಡ ಮೇಲೆ ಅವಳಿಗೂ ಅಲ್ಲೇ ಕೆಲಸ ಸಿಕ್ಕಿತು: ಬಂದ ಅರಳೆಯಲ್ಲಿ ಎಲೆಚೂರು, ಕಸ, ಕೊಳೆತ ಕಾಯಿ ಆರಿಸಿ ತೆಗೆಯುವುದು. ಹಂಗಾಮು ಮುಗಿದು ಜಿನ್ನು ನಿಂತಾಗ ನಾಲ್ಕು ಮನೆಗಳ ಜೋಳ ಹಸನು ಮಾಡಿಕೊಡುತ್ತಿದ್ದಳು. ಸಂಜೆ ಮನೆಗೆ ಬಂದರೆ ಅವಳ ತಲೆಗೂದಲು, ಹುಬ್ಬು, ಕಣ್ಣುರೆಪ್ಪೆಗಳ ಮೇಲೆಲ್ಲ ಅರಳೆಯ ಸಣ್ಣ ಎಳೆಗಳು ಕೂತಿರುತ್ತಿದ್ದವು. ಓಣಿಯ ಹೆಂಗಸರು "ಕೆಂಚಕ್ಕಗ ಬೆಳಿಗ್ಗಿ ಪ್ರಾಯ, ಸಂಜಿಮುಂದ ಮುಪ್ಪು" ಎಂದು ನಗುತ್ತಿದ್ದರು.

ಗೋಡೆಗೆ ಗೋಡೆ ಹತ್ತಿದ ಮನೆ ಅಂದಾನೆಪ್ಪನದು. ಅಡತಿ ಅಂಗಡಿಯೊಂದರಲ್ಲಿ ಅರಳೆ ತೂಗುವ ಕೆಲಸ ಅವನದು. ಹೆಂಡತಿ ಸಿದ್ದಲಿಂಗವ್ವ. ಅವರ ಮೊದಲ ಮಗಳು ಗಂಗವ್ವ. ಆ ಹುಡುಗಿ ಮಲಗಿದರೆ ಗೊರಕೆ ಓಣಿಯ ತುದಿಗೆ ಕೇಳುತ್ತಿತ್ತು. ಗೊರಕೆ ಎಂದರೆ ಒಂದೇ ಸಮನೆಯದಲ್ಲ. ಕಲ್ಲುದಾರಿಯ ಮೇಲೆ ಗಾಡಿಯ ಗಾಲಿ ಉರುಳಿದ ಹಾಗೆ ಕರಕರ ಎನ್ನುತ್ತ ಬಂದು, ಥಟ್ಟನೆ ನಿಂತು, ಕೇಳುವವರ ಎದೆ ಹಿಡಿದಷ್ಟು ಹೊತ್ತು ಏನೂ ಇಲ್ಲದೆ, ಆಮೇಲೆ ಯಾರೋ ಬೆನ್ನಿಗೆ ಗುದ್ದಿದಂತೆ ಒಮ್ಮೆಲೇ ಏದುಸಿರಿನೊಂದಿಗೆ ಮತ್ತೆ ಶುರು. ಅಂದಾನೆಪ್ಪ ಅದನ್ನೂ ಚೇಷ್ಟೆ ಮಾಡುತ್ತಿದ್ದ: "ನನ್ನ ಮಗಳ ಗೊರಕಿ ಕೇಳಿ ಜಿನ್ನಿನ ಭೋಂಗಾ ಆತಂತ ಮಂದಿ ಎದ್ದು ಕೆಲಸಕ್ಕ ಹೊಂಟ ಬಿಡತಾರ."

ಗಂಗವ್ವ ಐದು ತುಂಬಿದ ವರ್ಷ, ಒಂದು ಸಂತೆಯ ದಿನ ಮಧ್ಯಾಹ್ನ, ಸಿದ್ದಲಿಂಗವ್ವ ಅವಳನ್ನು ಕೆಂಚವ್ವನ ಮನೆಯಲ್ಲಿ ಬಿಟ್ಟು ಹೋದಳು. ಹುಡುಗಿಗೆ ನೆಗಡಿಯಾಗಿ ಮೈ ಬಿಸಿಯಾಗಿತ್ತು. ಕೆಂಚವ್ವ ಕೌದಿ ಹಾಸಿ ಒಳಗೆ ಮಲಗಿಸಿ, ತಾನು ಅಂಗಳದಲ್ಲಿ ಜೋಳ ಕೇರುತ್ತ ಕೂತಳು. ಒಳಗಿನಿಂದ ಗೊರಕೆ ಬರುತ್ತಿತ್ತು, ನಿಲ್ಲುತ್ತಿತ್ತು, ಬರುತ್ತಿತ್ತು. ಒಂದು ಸಲ ನಿಂತದ್ದು ಮತ್ತೆ ಬರಲಿಲ್ಲ. ಪಾಪ, ಅಂತೂ ಕೂಸಿಗೆ ಒಳ್ಳೆಯ ನಿದ್ದೆ ಹತ್ತಿತು ಎಂದುಕೊಂಡಳು ಕೆಂಚವ್ವ. ಎದ್ದು ಹೋಗಿ, ಬಿಸಿಲು ಒಳಗೆ ಬೀಳದಂತೆ ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದಳು. ಬಳೆಗಾರನೊಬ್ಬ ಕೂಗುತ್ತ ಬಂದಾಗ, "ಕೂಸು ಮಲಗೇತಪಾ, ಮೆಲ್ಲಕ ಹೋಗು" ಎಂದು ಕೈಸನ್ನೆ ಮಾಡಿ ಕಳಿಸಿದಳು. ಮೊರವನ್ನು ಸಹ ಸಪ್ಪಳವಾಗದ ಹಾಗೆ ಆಡಿಸಿದಳು. ಸಿದ್ದಲಿಂಗವ್ವ ಸಂತೆಯಿಂದ ಬರುವವರೆಗೆ ಆ ಮೌನವನ್ನು ಅವಳು ಹಾಗೆ ಕಾದಳು.

ಓಣಿಯ ಹಿರಿಯಳೊಬ್ಬಳು ಅರಳೆಯ ಒಂದು ಎಳೆಯನ್ನು ಹುಡುಗಿಯ ಮೂಗಿನ ಮುಂದೆ ಹಿಡಿದಳು. ಎಳೆ ಅಲುಗಲಿಲ್ಲ. ಸಂಜೆಯೊಳಗೆ ಗಂಗವ್ವನನ್ನು, ಅವರ ಪದ್ಧತಿಯಂತೆ, ಕೂತ ಭಂಗಿಯಲ್ಲಿ ಮಣ್ಣು ಮಾಡಿ ಬಂದರು.

ಯಾರೂ ಕೆಂಚವ್ವನನ್ನು ಏನೂ ಅನ್ನಲಿಲ್ಲ. ಒಂದು ಮಾತಾದರೂ ಅಂದಿದ್ದರೆ ಅವಳು ತಿರುಗಿ ಏನಾದರೂ ಹೇಳುತ್ತಿದ್ದಳೋ ಏನೋ. ಮುಂದಿನ ವರ್ಷ ಸಿದ್ದಲಿಂಗವ್ವ ಇನ್ನೊಂದು ಹೆಣ್ಣು ಹಡೆದಳು. ಗಂಡ ಹೆಂಡತಿ ಕೂಸನ್ನು ಮೊರದಲ್ಲಿಟ್ಟುಕೊಂಡು ನೆಟ್ಟಗೆ ಕೆಂಚವ್ವನ ಬಾಗಿಲಿಗೆ ಬಂದು ನಿಂತರು.

"ನನಗ ಬ್ಯಾಡ ತಂಗಿ," ಎಂದಳು ಕೆಂಚವ್ವ, ಹೊಸ್ತಿಲ ಒಳಗೇ ನಿಂತು. "ನನ್ನ ಕೈ ಚಲೋ ಅಲ್ಲ. ಬ್ಯಾರೆ ಯಾರಿಗರೆ ಮಾರು."

"ಅಕ್ಕಾ, ಸಾವು ನಿನ್ನ ಮನಿ ಒಮ್ಮಿ ನೋಡಿ ಹೋಗೇತಿ. ನೋಡಿದ ಮನ್ಯಾಗ ಮತ್ತ ಹುಡುಕೂದಿಲ್ಲಂತ ಅದು."

"ಅದನ್ನ ಯಾರು ಹೇಳಿದ್ರ ನಿನಗ?"

"ಯಾರು ಹೇಳಬೇಕು?" ಎಂದಳು ಸಿದ್ದಲಿಂಗವ್ವ. ಅವಳ ಕಣ್ಣುಗಳನ್ನು ನೋಡಿದ ಮೇಲೆ ಕೆಂಚವ್ವ ಒಳಗೆ ಹೋಗಿ ತವಡು ತಂದಳು. ಕೂಸಿಗೆ ತವಡವ್ವ ಎಂದೇ ಹೆಸರಾಯಿತು.

*

ತವಡವ್ವನ ಮೂರನೆಯ ವರ್ಷದಲ್ಲಿ ಆ ಸಪ್ಪಳ ಮರಳಿ ಬಂತು.

ಮೊದಲು ಕೇಳಿದ್ದು ಕೆಂಚವ್ವನೇ. ಹುಡುಗಿ ಊಟ ಮಾಡಿ ಮೂಲೆಯಲ್ಲಿ ಮಲಗಿದ್ದಳು. ಕರಕರ ಎಂದು ಬಂದು, ನಿಂತು, ಏದುಸಿರು ಬಿಟ್ಟು, ಮತ್ತೆ ಕರಕರ. ಕೆಂಚವ್ವನ ಕೈಯಲ್ಲಿದ್ದ ಚರಿಗೆ ಕೆಳಗೆ ಬಿತ್ತು. ಅದು ತವಡವ್ವನ ಗೊರಕೆಯೆಂದು ಅವಳಿಗೆ ಅನ್ನಿಸಲೇ ಇಲ್ಲ. ಗಂಗವ್ವ ಬಂದು ತಂಗಿಯ ಮಗ್ಗುಲಲ್ಲಿ ಮಲಗಿದ್ದಾಳೆ ಅನ್ನಿಸಿತು. ಓಣಿಯವರ ಮನಸ್ಸಿಗೂ ಅದೇ ಬಂತು. "ಅಕ್ಕ ಕರೀಲಿಕ್ಕೆ ಬಂದಾಳ" ಎಂದು ಒಬ್ಬಳೆಂದರೆ, ಇನ್ನೊಬ್ಬಳು "ಮಾರಿದ್ದು ಅಕೀಗೆ ಗೊತ್ತಾಗೇತಿ" ಎಂದಳು. ಅಂದಾನೆಪ್ಪ ಈಗ ಚೇಷ್ಟೆ ಮಾಡುವುದನ್ನು ಬಿಟ್ಟಿದ್ದ. ಮುರಗೋಡದ ಮಠದಿಂದ ವಿಭೂತಿ ಬಂತು. ಕೊರಳಿಗೆ ತಾಯತ ಬಂತು. ಕಿರುನಾಲಿಗೆ ಜೋತುಬಿದ್ದಿದೆ ಎಂದು ಒಬ್ಬ ಮುದುಕಿ ಉಪ್ಪು ಹಚ್ಚಿದ ಬೆರಳನ್ನು ಗಂಟಲಿಗೆ ಇಳಿಸಿ ಎತ್ತಿದಳು. ಹುಡುಗಿ ವಾಂತಿ ಮಾಡಿಕೊಂಡು, ಅತ್ತು, ಮಲಗಿದಳು. ಸಪ್ಪಳ ಹಾಗೇ ಇತ್ತು.

ಹುಡುಗಿ ಬೆಳೆದಂತೆ ಅವಳ ಬಾಯಿ ಸದಾ ತೆರೆದೇ ಇರುತ್ತಿತ್ತು. ಎದೆಯ ನಡುವಿನ ಮೂಳೆ ಒಳಗೆ ಕುಸಿದಿತ್ತು. ಓರಗೆಯ ಮಕ್ಕಳು ಅವಳ ತಲೆಯ ಮೇಲಿಂದ ನೋಡುವಷ್ಟು ಎತ್ತರವಾದರು. ಸಾಲೆಯಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಮಾಸ್ತರರು "ಈಕಿಗಿ ಸಾಲಿ ಬ್ಯಾಡ, ಹಾಸಿಗಿ ಬೇಕು" ಎಂದು ಮನೆಗೆ ಕಳಿಸಿದರು. ರೊಟ್ಟಿಯ ತುತ್ತು ಬಾಯಲ್ಲಿ ಇದ್ದಂತೆಯೇ ತೂಕಡಿಸುತ್ತಿದ್ದಳು. ಅವಳಿಗೆ ಚಪ್ಪಟೆ ಮಲಗಿ ನಿದ್ದೆ ಬರುತ್ತಿರಲಿಲ್ಲ. ತವಡಿನ ಚೀಲಕ್ಕೆ ಬೆನ್ನು ಕೊಟ್ಟು, ಗದ್ದ ಮೇಲೆತ್ತಿ, ಕತ್ತು ನೀಡಿಕೊಂಡು ಮಲಗುತ್ತಿದ್ದಳು. ಗಂಗವ್ವನೂ ಹೀಗೆಯೇ ಕತ್ತು ನೀಡುತ್ತಿದ್ದಳು ಎಂಬುದು ಕೆಂಚವ್ವನಿಗೆ ನೆನಪಿತ್ತು. ಆ ದಿನ ಅವಳನ್ನು ಚಪ್ಪಟೆ ಮಲಗಿಸಿದ್ದು ಯಾರೆಂಬುದೂ ನೆನಪಿತ್ತು.

ಹುಡುಗಿ ಮಲಗಿದ ಕೂಡಲೇ ಕೆಂಚವ್ವ ಅವಳ ಬಳಿ ಕೂರುತ್ತಿದ್ದಳು. ಸಪ್ಪಳ ನಿಂತರೆ ಭುಜ ಹಿಡಿದು ಅಲುಗಿಸುತ್ತಿದ್ದಳು. ಹುಡುಗಿ ರೇಗುತ್ತಿದ್ದಳು: "ಅವ್ವಾ, ಎಬ್ಬಸಬ್ಯಾಡ. ನಾ ಎಲ್ಲಿ ಹೋಗಿಲ್ಲ, ಇಲ್ಲೇ ಅದೀನಿ."

ಒಂದು ಮಧ್ಯಾಹ್ನ ಸಪ್ಪಳ ನಿಂತಿತು. ಕೆಂಚವ್ವ ಎಬ್ಬಿಸಲು ಕೈ ಚಾಚಿದವಳು ತಡೆದಳು. ಹುಡುಗಿಯ ಎದೆ ಆಡುತ್ತಿತ್ತು. ಹೊಟ್ಟೆ ಒಳಗೆ ಸೆಳೆದುಕೊಂಡು ಹೊರಗೆ ಬರುತ್ತಿತ್ತು. ಹಾಗಾದರೆ ಉಸಿರಿದೆಯಲ್ಲ? ಸೀರೆಯ ಸೆರಗಿನಲ್ಲಿ ಸಿಕ್ಕಿಕೊಂಡಿದ್ದ ಅರಳೆಯ ಎಳೆಯೊಂದನ್ನು ತೆಗೆದು ಅವಳ ತೆರೆದ ಬಾಯಿ, ಮೂಗುಗಳ ಮುಂದೆ ಹಿಡಿದಳು. ಎದೆ ಆಡುತ್ತಿದೆ, ಎಳೆ ಆಡುತ್ತಿಲ್ಲ. ಬದುಕಿದವರ ಎದೆ, ಸತ್ತವರ ಮೂಗು.

ಅದೇ ಹೊತ್ತಿಗೆ ಸಿದ್ದಲಿಂಗವ್ವ ಬಾಗಿಲಿಗೆ ಬಂದಳು.

"ಏನ ಮಾಡಾಕತ್ತೀದಿ ಅಕ್ಕಾ?" ಅವಳ ದನಿ ಕಿರುಚಿದಂತಿತ್ತು. "ಹೆಣದ ಮೂಗಿಗೆ ಹಿಡಿಯೂದನ್ನ ನನ್ನ ಮಗಳ ಮೂಗಿಗೆ ಹಿಡೀತಿಯಾ?"

ಹುಡುಗಿ ಏದುಸಿರು ಬಿಟ್ಟಳು. ಎಳೆ ಹಾರಿಹೋಯಿತು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು. 'ನನ್ನ ಮಗಳು' ಎಂದದ್ದು ತನ್ನ ಕಿವಿಗೇ ಬಿದ್ದು ಸಿದ್ದಲಿಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆರು ವರ್ಷಗಳಲ್ಲಿ ಅವಳು ಹಾಗೆ ಅಂದದ್ದು ಅದೇ ಮೊದಲು.

"ಯಾರೂ ಕೇಳಿಲ್ಲ ಬಿಡು," ಎಂದಳು ಕೆಂಚವ್ವ. ಆದರೆ ಅವಳ ಕಣ್ಣು ಮಾತ್ರ ಮನೆಯ ಮೂಲೆಗಳನ್ನು ಒಂದು ಸುತ್ತು ನೋಡಿ ಬಂತು. ಆಮೇಲೆ ಹೇಳಿದಳು: "ಇದು ಗಂಗವ್ವ ಅಲ್ಲ ತಂಗಿ. ಒಳಗ ಏನೋ ದಾರಿ ಕಟ್ಟೇತಿ. ಡಾಕ್ಟರಿಗೆ ತೋರಸೂಣು."

*

ಆಗ ಎಪ್ಪತ್ತೇಳನೆಯ ಇಸವಿ ಮುಗಿಯುತ್ತ ಬಂದಿತ್ತು. ಹಿಂದಿನ ವರ್ಷ ತುರ್ತುಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದೊಯ್ದು ಮಕ್ಕಳಾಗದಂತೆ ಆಪರೇಶನ್ ಮಾಡಿಸಿದ್ದ ಧಾವಂತ ಜನರ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ. 'ಆಪರೇಶನ್' ಎಂದರೆ ಗಂಡಸರು ಧೋತರ ಬಿಗಿ ಹಿಡಿದುಕೊಳ್ಳುತ್ತಿದ್ದರು. ಊರಿನ ಖಾಸಗಿ ದವಾಖಾನೆಯೊಂದಕ್ಕೆ ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಕಿವಿ, ಮೂಗು, ಗಂಟಲಿನ ಡಾಕ್ಟರು ಬರುತ್ತಿದ್ದರು. ಕನ್ನಡಕದ, ಮೆಲುದನಿಯ ಮನುಷ್ಯ. ತವಡವ್ವನ ಬಾಯೊಳಗೆ ಬೆಳಕು ಬಿಟ್ಟು ನೋಡಿದರು. ಗಂಟಲಿನ ಎರಡೂ ಬದಿಯ ಗಡ್ಡೆಗಳು ಊದಿ ನಡುವೆ ಒಂದಕ್ಕೊಂದು ತಾಗಿದ್ದವು. ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ಹುಡುಗಿಯನ್ನು ಅಲ್ಲೇ ಉದ್ದನೆಯ ಮರದ ಬಾಕಿನ ಮೇಲೆ ಮಲಗಿಸಲು ಹೇಳಿದರು. ಅವಳನ್ನು ಮಲಗಿಸುವುದು ಕಷ್ಟದ ಕೆಲಸವಾಗಿರಲಿಲ್ಲ. ನಿದ್ದೆ ಹತ್ತಿತು, ಸಪ್ಪಳ ಬಂತು, ನಿಂತಿತು.

ಡಾಕ್ಟರು ಮೇಜಿನ ಮೇಲಿನ ಬಾಟಲಿಯಿಂದ ಅರಳೆ ಕಿತ್ತು, ಎಳೆ ಮಾಡಿ, ಹುಡುಗಿಯ ಮೂಗಿನ ಮುಂದೆ ಹಿಡಿದರು.

ಸಿದ್ದಲಿಂಗವ್ವ ಕೆಂಚವ್ವನ ಕೈ ಹಿಡಿದುಕೊಂಡಳು.

"ನೋಡ್ರಿ," ಎಂದರು ಡಾಕ್ಟರು. "ಎದಿ ಎಳೀಲಿಕ್ಕತ್ತದ, ಗಾಳಿ ಬರವಲ್ದು. ಮೂಗು ಗಂಟಲಿಗೆ ಕೂಡೋ ಜಾಗಾದಾಗ ಇನ್ನೊಂದು ಗಡ್ಡಿ ಇರ್ತದ, ಅಡಿನಾಯ್ಡ್ ಅಂತ. ಹೊರಗಿನಿಂದ ಕಾಣಂಗಿಲ್ಲ. ಮೂಗಿನ ದಾರಿ ಅದು ಕಟ್ಟೇದ, ಬಾಯಿ ದಾರಿ ಈ ಟಾನ್ಸಿಲ್ ಕಟ್ಟ್ಯಾವ. ಎಚ್ಚರ ಇದ್ದಾಗ ಹೆಂಗೋ ನಡೀತದ. ನಿದ್ದಿ ಹತ್ತಿತಂದ್ರ ಗಂಟಲು ಸಡಲ ಬಿಡ್ತದ, ಎರಡೂ ದಾರಿ ಬಂದ್. ಮಿದುಳು ಗಾಬರ್ಯಾಗಿ ಎಬ್ಬಸ್ತದ, ಮತ್ತ ಒಂದು ಉಸಿರು. ದಿನಾ ಹಿಂಗ ಹೊಡದಾಡ್ತಾಳ ಈಕಿ. ಹೊರದೇಶದವರು ಈ ರೋಗಕ್ಕ ಈಗೀಗ ಹೆಸರು ಇಟ್ಟಾರ. ರೋಗ ಮೊದಲಿಂದ ಇತ್ತು ಬಿಡ್ರಿ."

"ಹಂಗಾರ ಗಂಗವ್ವ..." ಎಂದು ಸಿದ್ದಲಿಂಗವ್ವ ಶುರು ಮಾಡಿ ನಿಲ್ಲಿಸಿದಳು. ಉಳಿದದ್ದನ್ನು ಕೆಂಚವ್ವ ಹೇಳಿದಳು: ಮೊದಲಿನವಳು, ಅದೇ ಸಪ್ಪಳ, ನೆಗಡಿ, ಮಧ್ಯಾಹ್ನ. ಬಳೆಗಾರನನ್ನು ಕಳಿಸಿದ್ದನ್ನು ಹೇಳಲಿಲ್ಲ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ನಾ ಆ ಕೂಸಿನ್ನ ನೋಡಿಲ್ರಿ. ಅದರಿಂದನ ಹೋತು ಅಂತ ಹೇಳಾಕ ಬರೂದಿಲ್ಲ. ಅಲ್ಲ ಅಂತನೂ ಹೇಳಾಕ ಬರೂದಿಲ್ಲ. ಈ ಕೂಸಿನ ಹೃದಯಕ್ಕ ದಣಿವು ಶುರು ಆಗೇದ. ಇದಕ್ಕ ಔಷಧ ಇಲ್ಲ. ಗಡ್ಡಿ ತಗದ ಹಾಕಬೇಕು."

"ಆಪರೇಶನ್ನಾ?" ಎಂದ ಅಂದಾನೆಪ್ಪ, ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದವನು.

"ನಿಮಗಲ್ರಿ ಯಜಮಾನ್ರ, ಹುಡುಗಿಗೆ," ಎಂದ ಬಾಗಿಲಲ್ಲಿದ್ದ ಕಂಪೌಂಡರ್ ಪರಸಪ್ಪ. ಡಾಕ್ಟರು ಕೂಡ ನಕ್ಕರು. ಕೆಂಚವ್ವ ನಗಲಿಲ್ಲ.

"ಸಾಹೇಬ್ರ, ನೀವು ಕೂಸಿನ ಮಲಗಸ್ತೀರಿ?"

"ಹೌದ್ರಿ. ಔಷಧ ಮೂಸಿಸಿ ಮಲಗಸ್ತೀವಿ. ಮುಚ್ಚುಮರಿ ಇಲ್ಲದ ಹೇಳತೇನಿ, ಇಂಥಾ ಕೂಸಿಗೆ ಅದ ಧೋಕಾದ ಹೊತ್ತು. ಮಲಗುವಾಗ ದಾರಿ ಪೂರಾ ಮುಚ್ಚಬಹುದು. ಬಾಯಾಗ ನಳಿಗಿ ಇಳಸ್ತೀವಿ."

"ಆಮ್ಯಾಲ ಸಪ್ಪಳ ಮಾಡತಾಳೇನು?"

"ಇಲ್ಲ. ಸಪ್ಪಳ ಇರೂದಿಲ್ಲ."

"ಹಂಗಾರ ಅದಾಳೋ ಹೋಗ್ಯಾಳೋ ನಿಮಗ ಹೆಂಗ ತಿಳೀತೈತಿ?"

ಡಾಕ್ಟರು ಎದುರಿನ ಸ್ಟೂಲನ್ನು ಎಳೆದು, ಕೆಂಚವ್ವನ ಮುಂದೆ ಕೂತು, ಅಂಗೈಯನ್ನು ಹಣ್ಣು ಹಿಡಿದಂತೆ ಮಾಡಿ ತೋರಿಸಿದರು. "ನನ್ನ ಜೋಡಿ ಇನ್ನೊಬ್ರು ಡಾಕ್ಟರ್ ಬರ್ತಾರ. ಅವರ ಕೈಯಾಗ ರಬ್ಬರಿನ ಚೀಲ ಇರ್ತದ. ಕೂಸು ಉಸಿರು ಬಿಟ್ರ ಚೀಲ ಉಬ್ಬತದ, ಎಳಕೊಂಡ್ರ ಇಳೀತದ. ಅವರು ಬರೇ ಅದನ್ನ ನೋಡಕೋತ ಕೂಡ್ತಾರ. ಬ್ಯಾರೆ ಕೆಲಸ ಇಲ್ಲ ಅವರಿಗೆ."

ಬೇರೆ ಕೆಲಸವಿಲ್ಲದೆ ಬರೀ ಉಸಿರನ್ನು ನೋಡಲು ಒಬ್ಬ ಮನುಷ್ಯ. ಕೆಂಚವ್ವ ಆ ಮಾತನ್ನು ಮನೆಗೆ ಹೋಗುವವರೆಗೂ ಮನಸ್ಸಿನಲ್ಲಿ ಹೊರಳಿಸಿದಳು. ಆವತ್ತು ತನ್ನ ಕೈಯಲ್ಲಿ ಮೊರವಿತ್ತು.

*

ಮರುವಾರ ಬೆಳಿಗ್ಗೆ ತವಡವ್ವನನ್ನು ಹಸಿದ ಹೊಟ್ಟೆಯಲ್ಲಿ ಕರೆದುಕೊಂಡು ಬಂದರು. ನೀರು ಕೂಡ ಕೊಡಬಾರದೆಂದು ಹೇಳಿದ್ದರಿಂದ ಕೆಂಚವ್ವ ಹೊರಡುವವರೆಗೂ ಮನೆಯ ಕೊಡಕ್ಕೆ ಬಟ್ಟೆ ಕಟ್ಟಿ ಹುಡುಗಿಯ ಮುಂದೆಯೇ ಕೂತಿದ್ದಳು. ಪರಸಪ್ಪ ಒಪ್ಪಿಗೆ ಕಾಗದ ತಂದು ಮೇಜಿನ ಮೇಲಿಟ್ಟ.

"ಹುಡುಗಿ ತಂದಿ ಯಾರ್ರಿ? ಇಲ್ಲಿ ಸಹಿ ಮಾಡ್ರಿ."

ಅಂದಾನೆಪ್ಪ ಕಿಟಕಿಯ ಕಡೆ ನೋಡಿದ. "ತಂದಿ ತೀರ್ಕೊಂಡಾರ್ರಿ."

ಸಿದ್ದಲಿಂಗವ್ವ ತಲೆ ಎತ್ತಲಿಲ್ಲ.

"ಮತ್ತ ನೀವು?"

"ನಾ ಬಾಜೂ ಮನಿಯಾಂವ್ರಿ."

ಪರಸಪ್ಪ ಅವನನ್ನು ನೋಡಿದ, ಹುಡುಗಿಯನ್ನು ನೋಡಿದ. "ಬಾಜೂ ಮನಿಯಾಂವಂದ್ರ ಭಾರಿ ಬಾಜೂದಾಂವ ಇರಬೇಕು ಬಿಡ್ರಿ. ಕೂಸಿನ ಹಣಿ, ಕಿವಿ, ಹುಬ್ಬು ಎಲ್ಲಾ ನಿಮ್ಮ ಪಡಿಯಚ್ಚು!"

"ಚೇಷ್ಟಿ ಮಾಡಬ್ಯಾಡ್ರಿ," ಎಂದ ಅಂದಾನೆಪ್ಪ. ಅಡತಿಯಲ್ಲಿ ದಿನವೂ ನೂರಾರು ಚೀಟಿಗಳಿಗೆ ಸಹಿ ಹಾಕುವ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದ. ಮಾರಿದ ಮಗಳಿಗೆ ಇಂಥ ದಿನ, ಇಂಥ ಜಾಗದಲ್ಲಿ, ತಾನೇ ತಂದೆಯೆಂದು ಬರೆದುಕೊಟ್ಟರೆ ಆರು ವರ್ಷ ಬಚ್ಚಿಟ್ಟದ್ದೆಲ್ಲ ಒಂದು ಗಳಿಗೆಯಲ್ಲಿ ಬಯಲಿಗೆ ಬೀಳುತ್ತದೆ. ಒಳಗೆ ಕತ್ತಿ ಆಡುತ್ತಿರುವಾಗ ಹೊರಗೆ ನಿಂತು ಸಾವಿಗೆ ಗುರುತು ಹೇಳಿದ ಹಾಗೆ.

ಡಾಕ್ಟರು ಹೊರಗೆ ಬಂದರು. ವಿಷಯ ತಿಳಿಯಲು ಅವರಿಗೆ ಹೊತ್ತು ಹಿಡಿಯಲಿಲ್ಲ. ಅವರೂ ಇದೇ ಸೀಮೆಯವರು. "ಕಾಯದೆ ಪ್ರಕಾರ ಪಾಲಕರ ಒಪ್ಪಿಗಿ ಬೇಕ್ರಿ. ಅದಿಲ್ಲದ ನಾ ಕೈ ಹಚ್ಚಂಗಿಲ್ಲ."

ಹುಡುಗಿ ಬಾಕಿನ ಮೇಲೆ ಕೂತಲ್ಲೇ ತೂಕಡಿಸತೊಡಗಿದ್ದಳು. ಗಂಟಲಿನಿಂದ ಸಣ್ಣಗೆ ಕರಕರ ಎಂದು ಬರುತ್ತಿತ್ತು.

"ನಾನ ತಾಯಿ," ಎಂದಳು ಕೆಂಚವ್ವ. "ನಾ ಕೊಂಡೇನಿ. ನಾ ಒತ್ತತೇನಿ."

ಹಾಗೆ ಹೇಳುವಾಗ ಅವಳಿಗೆ ಎಲ್ಲವೂ ಸ್ಪಷ್ಟವಾಗಿತ್ತು. ಈ ಹುಡುಗಿ ಒಳಗಿನಿಂದ ಬರದೆ ಹೋದರೆ, ಆ ಮಧ್ಯಾಹ್ನಕ್ಕೆ ಇದೊಂದು ಸೇರುತ್ತದೆ. ಆಗಲೂ ಯಾರೂ ಏನೂ ಅನ್ನುವುದಿಲ್ಲ. ಡಾಕ್ಟರು ಯೋಚಿಸಿ ಹೇಳಿದರು: "ಆಗಲ್ರಿ. ಅವರು ತಾಯಿ ಅಂತ ಹೆಬ್ಬೆಟ್ಟು ಒತ್ತಲಿ. ಯಜಮಾನ್ರ, ನೀವು ಕೆಳಗ ಸಾಕ್ಷಿ ಅಂತ ಸಹಿ ಮಾಡ್ರಿ. ಬಾಜೂ ಮನಿಯವರು ಸಾಕ್ಷಿ ಆಗಬಹುದಲ್ಲ?"

ಅಂದಾನೆಪ್ಪ ಸಾಕ್ಷಿಯಾದ. ಕೆಂಚವ್ವನ ಹೆಬ್ಬೆರಳಿನ ಗೆರೆಗಳು ಜೋಳ ಕೇರಿ, ಅರಳೆ ಆರಿಸಿ ಸವೆದಿದ್ದರಿಂದ ಗುರುತು ಸರಿಯಾಗಿ ಮೂಡದೆ ಎರಡು ಸಲ ಒತ್ತಬೇಕಾಯಿತು.

ಒಳಗೆ ಒಯ್ಯುವಾಗ ತವಡವ್ವ ಎಚ್ಚರಗೊಂಡು, "ಅವ್ವಾ, ನೀನೂ ಬಾ" ಎಂದಳು. ಇಬ್ಬರು ಹೆಂಗಸರೂ ಒಟ್ಟಿಗೆ ಎದ್ದು ನಿಂತರು. ಬಾಗಿಲು ಮುಚ್ಚಿತು.

ಸಂದಿಯಿಂದ ಈಥರಿನ ಸಿಹಿಯಾದ, ತಲೆ ತಿರುಗಿಸುವ ವಾಸನೆ ಬಂತು. ಮೊದಲು ಹುಡುಗಿಯ ಅಳು ಕೇಳಿತು, ಆಮೇಲೆ ಕೆಮ್ಮು, ಆಮೇಲೆ ಆ ಗೊರಕೆ, ಎಂದೂ ಕೇಳದಷ್ಟು ಜೋರಾಗಿ. ಅದು ಥಟ್ಟನೆ ನಿಂತಿತು. ಕೆಂಚವ್ವ ಏದುಸಿರಿಗಾಗಿ ಕಾದಳು. ಬರಲಿಲ್ಲ. ಒಳಗೆ ಪಾತ್ರೆಯೊಂದರ ಠಣ್ ಶಬ್ದ, ಯಾರದೋ ಅವಸರದ ಹೆಜ್ಜೆ, ಮತ್ತೆ ಏನೂ ಇಲ್ಲ. ಅವಳು ಬಾಗಿಲಿಗೆ ಕಿವಿಗೊಟ್ಟು ನಿಂತಳು. ಚೀಲ, ಎಂದುಕೊಂಡಳು. ಚೀಲ ಉಬ್ಬುತ್ತಿರಬೇಕು. ಒಬ್ಬ ಮನುಷ್ಯ ಅದನ್ನೇ ನೋಡುತ್ತಿರಬೇಕು. ಆದರೆ ಕಣ್ಣು ಮುಚ್ಚಿದರೆ ಅವಳಿಗೆ ಕಾಣುತ್ತಿದ್ದುದು ಚೀಲವಲ್ಲ. ಅರ್ಧ ಮುಂದೆ ಮಾಡಿದ ಬಾಗಿಲು, ಅದರಾಚೆ ಕೌದಿಯ ಮೇಲೆ ಎರಡು ಸಣ್ಣ ಅಂಗಾಲುಗಳು.

ಬೀದಿಯಲ್ಲಿ ಕೊತ್ತಂಬರಿ ಮಾರುವವಳೊಬ್ಬಳು ಕೂಗುತ್ತ ಬಂದಳು. ಅಂದಾನೆಪ್ಪ ಅವಳನ್ನು ಸುಮ್ಮನಿರಿಸಲು ಮೆಟ್ಟಿಲಿಳಿದ.

"ಬ್ಯಾಡೋ ಅಂದಾನೆಪ್ಪಾ," ಎಂದಳು ಕೆಂಚವ್ವ, ಬಾಗಿಲಿನಿಂದ ಕಿವಿ ತೆಗೆಯದೆ. "ಕೂಗ್ಲಿ. ಬೇಕಾದಷ್ಟು ಕೂಗ್ಲಿ ಬಿಡು."

*

ತವಡವ್ವನನ್ನು ಹೊರಗೆ ತಂದು ಮಗ್ಗುಲಾಗಿ ಮಲಗಿಸಿದರು. ತುಟಿಯ ಕೊನೆಯಲ್ಲಿ ರಕ್ತ ಬೆರೆತ ಜೊಲ್ಲು ಇತ್ತು. ಡಾಕ್ಟರು ಸಣ್ಣ ತಟ್ಟೆಯಲ್ಲಿ ತೆಗೆದದ್ದನ್ನು ತೋರಿಸಿದರು: ದೊಡ್ಡ ಬೋರೆಹಣ್ಣಿನಂಥ ಎರಡು, ಜೊತೆಗೆ ಚೂರುಚೂರಾದ ಇನ್ನೊಂದು. "ನಿದ್ದಿಯಾಗ ಮ್ಯಾಲಿಂದ ಮ್ಯಾಲ ಗುಟುಕರಿಸಿದ್ರ ನಮಗ ಹೇಳ್ರಿ. ಒಳಗ ರಕ್ತ ಇಳ್ಯಾಕತ್ತೇದ ಅಂತ ಅರ್ಥ. ಇಲ್ಲಂದ್ರ ಮಲಗ್ಲಿ. ಹುಟ್ಟಿದ ಮ್ಯಾಲ ಚಲೋತ್ನಂಗ ನಿದ್ದಿ ಮಾಡಿಲ್ಲ ಆಕಿ."

ಎಚ್ಚರವಾಗಿ, ಅತ್ತು, ರಕ್ತ ಉಗುಳಿ, ಮಧ್ಯಾಹ್ನದ ಹೊತ್ತಿಗೆ ಹುಡುಗಿ ಮತ್ತೆ ಮಲಗಿದಳು. ಬಾಯಿ ಮುಚ್ಚಿತ್ತು. ಸಪ್ಪಳವಿರಲಿಲ್ಲ.

ಕೆಂಚವ್ವ ಅವಳನ್ನು ಎಬ್ಬಿಸಿದಳು. ಹುಡುಗಿ ನರಳಿ, ಕಣ್ಣು ಬಿಟ್ಟು, ಮುಚ್ಚಿದಳು. ಮತ್ತೆ ಅದೇ ಮೌನ. ಕೆಂಚವ್ವ ಮತ್ತೆ ಎಬ್ಬಿಸಿದಳು. ಮೂರನೆಯ ಸಲ ಕೈ ಚಾಚುವಾಗ ಡಾಕ್ಟರು ಬಂದು ಅವಳ ಮಣಿಕಟ್ಟು ಹಿಡಿದು, ಅಂಗೈಯನ್ನು ಹುಡುಗಿಯ ಹೊಟ್ಟೆಯ ಮೇಲಿಟ್ಟರು. "ನೋಡ್ರಿ, ಏಳತದ, ಇಳೀತದ."

"ಅದು ಮೊದಲೂ ಏಳತಿತ್ತು ಸಾಹೇಬ್ರ," ಎಂದಳು ಕೆಂಚವ್ವ. "ಎದಿ ಏಳತಿತ್ತು. ಗಾಳಿ ಇರತಿರಲಿಲ್ಲ."

ಡಾಕ್ಟರು ತಮ್ಮ ಕನ್ನಡಕವನ್ನು ತೆಗೆದು ಹುಡುಗಿಯ ಮೂಗಿನ ಹತ್ತಿರ ಹಿಡಿದರು. ಗಾಜಿನ ಮೇಲೆ ಬಿಳಿಯ ಮಂಜು ಕೂತಿತು, ಆರಿತು, ಮತ್ತೆ ಕೂತಿತು. ಕೆಂಚವ್ವ ಅದನ್ನೇ ನೋಡುತ್ತಿದ್ದಳು. ಡಾಕ್ಟರಿಗೆ ಬೇರೆ ರೋಗಿಗಳಿದ್ದರು. ಆದರೂ ಅವರು ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದರು.

"ಇನ್ನ ನಂಬಿಕಿ ಬಂತೇನ್ರಿ?"

"ಬಂತ್ರಿ," ಎಂದಳು ಕೆಂಚವ್ವ. ಕಣ್ಣಿಗೆ ಬಂದಿತ್ತು. ಕಿವಿಗೆ ಬಂದಿರಲಿಲ್ಲ.

*

ತವಡವ್ವ ಆ ಬೇಸಿಗೆಯಲ್ಲೇ ಎತ್ತರವಾದಳು. ರೊಟ್ಟಿ ಮೇಲೆ ರೊಟ್ಟಿ ಕೇಳಿ ಉಂಡಳು. ಸಾಲೆಯ ಮಾಸ್ತರರು ಈಗ ಬೇರೆ ದೂರು ಹೇಳತೊಡಗಿದರು: "ಮೊದಲ ಮಲಗತಿದ್ಲು, ಚಲೋ ಇತ್ತು. ಈಗ ಬಾಯಿ ಮುಚ್ಚಾಂಗಿಲ್ಲ." ಓಣಿಯವರು ಅಕ್ಕ ಮರಳಿ ಹೋದಳೆಂದರು. ಅಂದಾನೆಪ್ಪನ ಚೇಷ್ಟೆ ಮೆಲ್ಲಗೆ ಮರಳಿತು.

ಆದರೆ ಹುಡುಗಿ ಮಲಗಿದರೆ ಕೆಂಚವ್ವನ ಮನೆಯಲ್ಲಿ ಆ ಮಧ್ಯಾಹ್ನ ಬಂದು ಕೂರುತ್ತಿತ್ತು. ಇಷ್ಟು ವರ್ಷ ತವಡವ್ವನ ಗೊರಕೆ ಅದನ್ನು ಹೊರಗೆ ತಡೆದು ನಿಲ್ಲಿಸಿತ್ತು ಎಂಬುದು ಅವಳಿಗೆ ಈಗ ತಿಳಿಯಿತು. ಆ ಸಪ್ಪಳಕ್ಕೆ ಅವಳು ಎಷ್ಟು ಹೆದರಿದ್ದಳೋ, ಅದರ ಆಸರೆಯಲ್ಲೇ ಅಷ್ಟು ದಿನ ಬದುಕಿದ್ದಳು. ಈಗ ಜಂತೆಯಲ್ಲಿ ಹುಳು ಕೊರೆಯುವುದು ಕೇಳುತ್ತಿತ್ತು, ಒಲೆಯ ಬೂದಿ ಕುಸಿಯುವುದು ಕೇಳುತ್ತಿತ್ತು, ಹುಡುಗಿ ಮಾತ್ರ ಕೇಳುತ್ತಿರಲಿಲ್ಲ. ಎಬ್ಬಿಸುತ್ತಿದ್ದಳು. ಹುಡುಗಿ ಅಳುತ್ತಿದ್ದಳು. ಕಡೆಗೆ ಒಂದು ದಿನ ಕೆಂಚವ್ವನೇ ಹುಡುಗಿಯ ಕೌದಿಯನ್ನು ಮಡಚಿ ಸಿದ್ದಲಿಂಗವ್ವನ ಕೈಗೆ ಕೊಟ್ಟಳು.

"ಮಲಗೂದು ನಿನ್ನ ಮನ್ಯಾಗ ಇರ್ಲಿ ತಂಗಿ. ನಾ ಇದ್ರ ಆ ಕೂಸಿಗೆ ನಿದ್ದಿ ಆಗೂದಿಲ್ಲ."

"ಮಾರಿದ್ದನ್ನ ಹೊಳ್ಳಿ ಕೊಡಾಕತ್ತಿಯೇನು?" ಸಿದ್ದಲಿಂಗವ್ವ ಹೆದರಿದಳು.

"ಕೊಡಾಕತ್ತಿಲ್ಲ. ಮಗಳು ನನ್ನಾಕಿ. ನಿದ್ದಿ ಅಷ್ಟ ನಿನ್ನ ಪಾಲಿಗೆ."

ಜಿನ್ನು ನಡೆಯುವ ತಿಂಗಳುಗಳಲ್ಲಿ ಕೆಂಚವ್ವ ಪಟ್ಟಿಗಳು ತಿರುಗುವ ಕಡೆಯೇ ಕೂತು ಅರಳೆ ಆರಿಸುತ್ತಿದ್ದಳು. ಊಟದ ಬಿಡುವಿನಲ್ಲೂ ಆ ಗದ್ದಲ ಬಿಟ್ಟು ಏಳುತ್ತಿರಲಿಲ್ಲ. ಜಿನ್ನು ನಿಂತ ತಿಂಗಳುಗಳಲ್ಲಿ, ಸಾಲೆಗೆ ಸೂಟಿ ಇದ್ದ ಮಧ್ಯಾಹ್ನ, ಸಿದ್ದಲಿಂಗವ್ವನ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳು. ಒಳಗೆ ಹೋಗುತ್ತಿರಲಿಲ್ಲ.

"ಮಲಗ್ಯಾಳೇನು?"

"ಮಲಗ್ಯಾಳ ಅಕ್ಕಾ."

"ಉಸರು?"

"ಐತಿ."

"ನೋಡಿ ಹೇಳಾಕತ್ತೀದಿಯೋ, ಕುಂತಲ್ಲೇ ಹೇಳಾಕತ್ತೀದಿಯೋ?"

ಮೊದಮೊದಲು ಸಿದ್ದಲಿಂಗವ್ವ ಪ್ರತಿ ಸಲ ಎದ್ದು ಹೋಗಿ ನೋಡಿ ಬರುತ್ತಿದ್ದಳು. ಆಮೇಲೆ ಬೇಸತ್ತು, "ನೀನ ಒಳಗ ಬಂದು ನೋಡಬಾರದ ಅಕ್ಕಾ, ಕಾಲಿಗೆ ಮುಳ್ಳು ಚುಚ್ಯಾವೇನು?" ಎಂದು ರೇಗುತ್ತಿದ್ದಳು. ಕೆಂಚವ್ವ ಹೊಸ್ತಿಲು ನೋಡುತ್ತಿದ್ದಳು, ಏಳುತ್ತಿರಲಿಲ್ಲ.

ಹೊತ್ತು ಇಳಿದ ಮೇಲೆ ತವಡವ್ವ ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬರುತ್ತಿದ್ದಳು. ಕೌದಿಯ ಹೊಲಿಗೆಯ ಗುರುತು ಒಂದು ಕೆನ್ನೆಯ ಮೇಲೆ ಮೂಡಿರುತ್ತಿತ್ತು. ಕಟ್ಟೆಯ ಮೇಲಿನವಳನ್ನು ಕಂಡು, ದಿನವೂ ಹೇಳಬೇಕಾದ ಮಾತನ್ನು ಹೇಳುವವಳಂತೆ, ಆಕಳಿಸುತ್ತ ಹೇಳುತ್ತಿದ್ದಳು:

"ಅವ್ವಾ, ನಾ ಎದ್ದೀನಿ. ಇನ್ನ ನೀ ಹೋಗಿ ಮಲಕ್ಕೊ."